ಸಮುದ್ರ ಇಲ್ಲ, ಆದ್ರೂ ಪದಕ ಬಂತು: ನಮ್ಮ ಗಡಿಯ ಆಚೆ-ಈಚೆ ಬೆಳೆದ ಮೂವರು ಈಜುಗಾರರು

ಚಿಕ್ಕೋಡಿ: ಬೇಸಿಗೆ ಸೂಟಿ ಬಿಟ್ರೆ ಸಾಕು, ನಮ್ಮ ಭಾಗದ ಬಾವಿಗಳಲ್ಲಿ ಹುಡುಗರ ಗದ್ದಲ ಶುರು. ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ನಾಲ್ಕು ದಿನ, ಐದನೇ ದಿನ ಕ್ಯಾನ್ ಬಿಚ್ಚಿ ಸೀದಾ ಜಿಗಿತ. ಮಾಂಜರಿ, ಅಂಕಲಿ, ಯಡೂರು, ಉಗಾರ, ಕುಡಚಿ ಕಡೆ ಕೃಷ್ಣಾ ನದಿ, ಸದಲಗಾ ಕಡೆ ದೂಧಗಂಗಾ. ಹೊಳೆ ದಂಡೆಯ ಊರಲ್ಲಿ ಈಸು ಬಾರದ ಹುಡುಗ ಸಿಗೋದೇ ಕಷ್ಟ. ಆದ್ರೆ ಅದೇ ಹುಡುಗ ದೊಡ್ಡ ಸ್ಪರ್ಧೆಗೆ ಹೋಗಬೇಕಂದ್ರೆ ಏನು ಬೇಕು? ಈಜಿನಿಂದ ಹೊಟ್ಟೆ ತುಂಬುತ್ತಾ? ಇದಕ್ಕೆ ಉತ್ತರ ದೂರ ಹುಡುಕಬೇಕಿಲ್ಲ.

ತಹಶೀಲ್ದಾರ್ ಆದ ಈಜುಗಾರ

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದ್ರೆ ಸುಮಾರು 40 ಕಿ.ಮೀ. ದೂರ ಕೊಲ್ಲಾಪುರ. ದವಾಖಾನೆಗೆ, ಮಾರ್ಕೆಟ್ಟಿಗೆ, ಅಂಬಾಬಾಯಿ ದರ್ಶನಕ್ಕೆ ನಮ್ಮವರು ಹೋಗುವ ಊರು. ವೀರಧವಲ್ ಖಾಡೆ ಹುಟ್ಟಿದ್ದು ಅಲ್ಲೇ, 1991ರ ಆಗಸ್ಟ್ 29ರಂದು. ಹುಡುಗನ ವೇಗ ಕಂಡಮೇಲೆ ಮುಂದಿನ ತರಬೇತಿ ಬೆಂಗಳೂರಿನಲ್ಲಿ, ಕೋಚ್ ನಿಹಾರ್ ಅಮೀನ್ ಹತ್ತಿರ. ಅಮೀನ್ ಅವರಿಗೆ ಆಮೇಲೆ ದ್ರೋಣಾಚಾರ್ಯ ಪ್ರಶಸ್ತಿಯೂ ಬಂತು. ಅಂದ್ರೆ ಹುಡುಗ ಕೊಲ್ಲಾಪುರದವನು, ತಯಾರಾಗಿದ್ದು ಕರ್ನಾಟಕದ ನೀರಲ್ಲಿ.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ವೀರಧವಲ್‌ಗೆ 17 ವರ್ಷ ತುಂಬಿರಲಿಲ್ಲ. 50, 100, 200 ಮೀಟರ್ ಫ್ರೀಸ್ಟೈಲ್ ಮೂರರಲ್ಲೂ ಈಜಿದರು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು. ಅದಕ್ಕೂ ಮೊದಲು ಭಾರತಕ್ಕೆ ಏಷ್ಯಾಡ್ ಈಜಿನಲ್ಲಿ ಪದಕ ಬಂದಿದ್ದು 1986ರಲ್ಲಿ, ಖಜಾನ್ ಸಿಂಗ್ ಅವರಿಂದ. ನಡುವೆ 24 ವರ್ಷ ಬರೀ ಕೈ. 2011ರಲ್ಲಿ ಖಾಡೆಗೆ ಅರ್ಜುನ ಪ್ರಶಸ್ತಿ ಬಂತು.

ಪದಕದ ನಂತರ ಮಹಾರಾಷ್ಟ್ರ ಸರ್ಕಾರ ತಹಶೀಲ್ದಾರ್ ಹುದ್ದೆ ಕೊಟ್ಟಿತು. ನಮ್ಮ ಕಡೆ ತಹಶೀಲ್ದಾರ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮನೆಯವರಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಆದ್ರೆ ಈಜಿಗೆ ಅದೇ ಮುಳುವಾಯ್ತು. ಉತಾರ, ಸರ್ವೆ, ಮೀಟಿಂಗ್ ನೋಡುವ ಮನುಷ್ಯ ದಿನಕ್ಕೆ ಎರಡು ಹೊತ್ತು ನೀರಿಗೆ ಇಳಿಯೋದು ಹೇಗೆ? ಪ್ರಾಯದ ಒಳ್ಳೆ ವರ್ಷಗಳೇ ಹೀಗೆ ಕಳೆದವು.

ಆದ್ರೂ ವೀರಧವಲ್ ವಾಪಸ್ ಬಂದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್, 50 ಮೀಟರ್ ಫ್ರೀಸ್ಟೈಲ್. ಹೀಟ್ಸ್‌ನಲ್ಲಿ 22.43 ಸೆಕೆಂಡ್, ರಾಷ್ಟ್ರೀಯ ದಾಖಲೆ. ಫೈನಲ್‌ನಲ್ಲಿ 22.47. ಕಂಚು ಗೆದ್ದ ಜಪಾನಿನವನದು 22.46.

ಒಂದು ಸೆಕೆಂಡಿನ ನೂರನೇ ಒಂದು ಭಾಗ ಅಂದ್ರೆ ಎಷ್ಟು? ಹತ್ತು ಅಡಿ ಅಗಲದ ಅಂಗಡಿಗಳನ್ನು ಸಾಲಾಗಿ ಹದಿನಾರು ನಿಲ್ಲಿಸಿದ್ರೆ ಸುಮಾರು 50 ಮೀಟರ್ ಆಗುತ್ತೆ. ಅಷ್ಟು ದೂರವನ್ನು ಇಪ್ಪತ್ತೆರಡೂವರೆ ಸೆಕೆಂಡಿನೊಳಗೆ ಈಜುವವನು ಆ ನೂರನೇ ಒಂದು ಭಾಗದಲ್ಲಿ ಮುಂದೆ ಹೋಗೋದು ಎರಡು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ಇಂಚೂ ಅಲ್ಲ. ಗೋಡೆಯಲ್ಲಿನ ಟಚ್‌ಪ್ಯಾಡ್‌ಗೆ ಬೆರಳು ತಾಗಿದ ಕ್ಷಣವೇ ಲೆಕ್ಕ. ಕಣ್ಣಿಂದ ನೋಡಿ ಹೇಳೋದು ಆಗದ ಮಾತು.

ಹೊರದೇಶದಲ್ಲೂ ಇದೇ ಕಥೆ. ಬೆಲಾರಸ್ ದೇಶಕ್ಕೂ ನಮ್ಮ ಐದು ತಾಲೂಕಿನಂತೆ ಸಮುದ್ರ ಇಲ್ಲ. ಅಲ್ಲಿನ ಅಲಿಯಾಕ್ಸಾಂಡ್ರಾ ಹೆರಸಿಮೇನಿಯಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಾಕೆ. 2016ರಲ್ಲಿ ರಿಯೊದಲ್ಲಿ 50 ಮೀಟರ್ ಈಜಿದ್ದು 24.11 ಸೆಕೆಂಡಿನಲ್ಲಿ, ಸಿಕ್ಕಿದ್ದು ಕಂಚು. ಚಿನ್ನ ಗೆದ್ದವಳದು 24.07. ಇಲ್ಲೂ ನೂರರಲ್ಲಿ ನಾಲ್ಕು ಪಾಲು ಅಷ್ಟೇ.

ಗುಂಡು ತಿಂದ ಜವಾನ, ನೀರಲ್ಲಿ ಚಿನ್ನ

ಕಾಗವಾಡದಿಂದ ಆಚೆ ಕಾಲಿಟ್ರೆ ಸಾಂಗ್ಲಿ ಜಿಲ್ಲೆ. ಅಲ್ಲಿನ ಪೇಠ್ ಇಸ್ಲಾಂಪುರದ ಮುರಳಿಕಾಂತ ಪೇಟಕರ್ ಸೇನೆಯಲ್ಲಿದ್ದರು, ಬಾಕ್ಸಿಂಗ್ ಆಡುತ್ತಿದ್ದರು. 1965ರ ಯುದ್ಧದಲ್ಲಿ ಗುಂಡು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಮೈ ಸುಧಾರಿಸಲಿ ಅಂತ ನೀರಿಗಿಳಿದವರು 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿಗೆ ಮುಗಿಸಿದರು. ವಿಶ್ವದಾಖಲೆ, ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನ. ಪದ್ಮಶ್ರೀ ಬರೋಕೆ ಮಾತ್ರ 2018ರ ತನಕ ಕಾಯಬೇಕಾಯ್ತು. 46 ವರ್ಷ! 2024ರಲ್ಲಿ ‘ಚಂದು ಚಾಂಪಿಯನ್’ ಸಿನಿಮಾ ಬಂದಮೇಲೆ ಹೊಸ ಹುಡುಗರಿಗೂ ಇವರ ಹೆಸರು ಗೊತ್ತಾಯ್ತು.

ಮೂರನೆಯವರು ನಮ್ಮದೇ ಬೆಳಗಾವಿಯ ಮೊಯಿನ್ ಜುನ್ನೇದಿ. ಹುಟ್ಟಿನಿಂದಲೇ ಎಲುಬು ಗಾಜಿನಂತೆ ಮುರಿಯುವ ಕಾಯಿಲೆ. ನೆಲದ ಮೇಲೆ ಸಣ್ಣ ಪೆಟ್ಟೂ ಅಪಾಯ. ನೀರಲ್ಲಿ ಹಾಗಲ್ಲ, ಮೈಭಾರವನ್ನು ನೀರೇ ಹೊತ್ಕೊಳ್ಳುತ್ತೆ. ಬೆಳಗಾವಿಯ ಕೋಚ್ ಉಮೇಶ ಕಲಘಟಗಿ ಅವರ ಕೈಯಲ್ಲಿ ಕಲಿತು ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದರು.

ಅಂಗವಿಕಲ ಮಕ್ಕಳಿರುವ ಮನೆಯವರು ಇದೊಂದು ವಿಷಯ ತಿಳಿದಿರಬೇಕು. ಪ್ಯಾರಾ ಈಜಿನಲ್ಲಿ ಎಲ್ಲರನ್ನೂ ಒಟ್ಟಿಗೆ ಓಡಿಸೋದಿಲ್ಲ. ಫ್ರೀಸ್ಟೈಲ್‌ನಲ್ಲಿ ದೈಹಿಕ ತೊಂದರೆ ಇದ್ದವರಿಗೆ ಎಸ್1ರಿಂದ ಎಸ್10, ದೃಷ್ಟಿದೋಷಕ್ಕೆ ಎಸ್11ರಿಂದ ಎಸ್13, ಬುದ್ಧಿಮಾಂದ್ಯರಿಗೆ ಎಸ್14 ಅಂತ ವರ್ಗ ಇವೆ. ನಂಬರ್ ಕಡಿಮೆ ಇದ್ದಷ್ಟೂ ದೈಹಿಕ ತೊಂದರೆ ಹೆಚ್ಚು. ಬೆಲಾರಸ್‌ನ ಇಹಾರ್ ಬೋಕಿ ಎಸ್13 ವರ್ಗದವರು, ರಿಯೊ ಒಂದರಲ್ಲೇ ಆರು ಚಿನ್ನ.

ಹೊಳೆ ಬೇರೆ, ಪೂಲ್ ಬೇರೆ

ಹೊಳೆಯಲ್ಲಿ ಕಲಿತವನಿಗೆ ದಮ್ಮು ಇರುತ್ತೆ, ಧೈರ್ಯ ಇರುತ್ತೆ. ಆದ್ರೆ ತಲೆ ಮೇಲೆತ್ತಿ ಈಸುವುದು ರೂಢಿ, ಅದರಿಂದ ಸೊಂಟ ಕೆಳಗೆ ಇಳಿದು ವೇಗ ಕಮ್ಮಿ ಆಗುತ್ತೆ. ಸ್ಪರ್ಧೆಯಲ್ಲಿ ಮುಖ ನೀರಿನೊಳಗೆ, ಉಸಿರಿಗೆ ಮಾತ್ರ ಪಕ್ಕಕ್ಕೆ ತಿರುಗೋದು. ಜೊತೆಗೆ ಕಟ್ಟೆ ಮೇಲಿಂದ ಸ್ಟಾರ್ಟ್, ಗೋಡೆ ಮುಟ್ಟಿ ಟರ್ನ್. ಇವು ಪೂಲ್ ಇಲ್ಲದೆ, ಕೋಚ್ ಇಲ್ಲದೆ ಬರೋದಿಲ್ಲ. ವೀರಧವಲ್ ಬೆಂಗಳೂರಿಗೆ ಹೋಗಿದ್ದೂ ಇದಕ್ಕೇ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಭಾರತದಿಂದ ಈಜಿದ ಇಬ್ಬರೂ, ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು, ಬೆಂಗಳೂರಿನವರೇ.

ವೀರಧವಲ್ ಕೊನೆಗೆ ನಿವೃತ್ತಿ ಹೇಳಿದ್ದು 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, 32ನೇ ವಯಸ್ಸಿಗೆ. ಅಲ್ಲೂ 50 ಮೀಟರ್ ಫ್ರೀಸ್ಟೈಲ್ ಚಿನ್ನ ಅವರದೇ. ಮಹಿಳೆಯರ 50 ಮೀಟರ್ ಚಿನ್ನವೂ ಅದೇ ಮನೆಗೆ ಬಂತು, ಗೆದ್ದದ್ದು ಪತ್ನಿ ಋಜುತಾ.