ಸೊಸೈಟಿ ಎಂದರೆ ಬಿಲ್ಡಿಂಗೇ?

ಮುಂಬಯಿಯ ಯಾವುದೇ ಮಗುವನ್ನು ‘ಸೊಸೈಟಿ’ ಎಂದರೇನು ಎಂದು ಕೇಳಿ ನೋಡಿ. ‘ನಾವಿರುವ ಬಿಲ್ಡಿಂಗ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಮನುಷ್ಯ ಸೊಸೈಟಿಯಲ್ಲಿ ಬದುಕುವ ಜೀವಿ ಎಂಬರ್ಥದ ಇಂಗ್ಲಿಷ್ ವಾಕ್ಯ ಪಾಠದಲ್ಲಿ ಬಂದರೂ ಆ ಮಗು ತಡವರಿಸುವುದಿಲ್ಲ. ಬೋರಿವಲಿಯಲ್ಲಿರಲಿ ಮುಲುಂಡಿನಲ್ಲಿರಲಿ, ಅದರ ಗೆಳೆಯರೆಲ್ಲ ಇರುವುದು ಸೊಸೈಟಿಯಲ್ಲೇ. ಕಷ್ಟವಿರುವುದು ಇಲ್ಲೇ. ಗೊತ್ತಿಲ್ಲದ ಪದ ಸಿಕ್ಕರೆ ಮಕ್ಕಳು ಕೇಳುತ್ತಾರೆ. ಗೊತ್ತಿದೆ ಎಂದುಕೊಂಡ ಪದದ ಬಗ್ಗೆ ಕೇಳುವುದೇ ಇಲ್ಲ.

ಹಾಗೆಂದು ಮಗುವಿನ ಉತ್ತರ ತಪ್ಪೇನಲ್ಲ. ಆ ಅರ್ಥ ಹುಟ್ಟಿದ್ದರ ಹಿಂದೆ ಕರಾವಳಿ ಕರ್ನಾಟಕದ ನಂಟೂ ಇದೆ. ಗಾಮದೇವಿಯ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ 1915ರಲ್ಲಿ ನೋಂದಣಿಯಾಯಿತು. ದೇಶದ ಮೊದಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಅದೂ ಒಂದು. ಕೆನರಾ ಜಿಲ್ಲೆಗಳಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಚಿತ್ರಾಪುರ ಸಾರಸ್ವತರಿಗಾಗಿ ಅದನ್ನು ಕಟ್ಟಿದವರಲ್ಲಿ ಮುಖ್ಯರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಮೊದಲು ಜನ ಸೇರಿ ಸಂಘ ಕಟ್ಟಿಕೊಂಡರು, ಸಂಘ ಮನೆಗಳನ್ನು ಕಟ್ಟಿತು. ಮುಂದೆ ಸಂಘದ ಹೆಸರೇ ಕಟ್ಟಡಕ್ಕೂ ಅಂಟಿತು. ಇಷ್ಟು ಗೊತ್ತಿರುವ ತಾಯಿಯೋ ಟೀಚರೋ ಬಿಲ್ಡಿಂಗಿನಿಂದಲೇ ಮಾತು ಶುರುಮಾಡಬಹುದು. ‘ಪಂಪು ಕೆಟ್ಟರೆ ಮೀಟಿಂಗಿಗೆ ಯಾರ್‍ಯಾರು ಬರುತ್ತಾರೆ? ರಿಪೇರಿ ದುಡ್ಡು ಯಾರು ಕೊಡುತ್ತಾರೆ?’ ಎಂದು ಕೇಳಿದರೆ ಸಾಕು. ಗೋಡೆಯಿಂದ ಮನುಷ್ಯರ ಕಡೆಗೆ, ಅಲ್ಲಿಂದ ಊರಿನ ಕಡೆಗೆ, ಕೊನೆಗೆ ಸಮಾಜದ ಕಡೆಗೆ ಮಗುವಿನ ಯೋಚನೆ ಹರಿಯುತ್ತದೆ.

ಲೋಕಲ್ ರೈಲಿನಲ್ಲಿ ಕಲಿತ ಪದಗಳದ್ದೂ ಇದೇ ಕಥೆ. ಇಂಡಿಕೇಟರಿನಲ್ಲಿ ‘ಎಫ್’ ಕಂಡರೆ ಫಾಸ್ಟ್, ‘ಎಸ್’ ಕಂಡರೆ ಸ್ಲೋ ಎಂಬುದು ಶಾಲೆಗೆ ಸೇರುವ ಮೊದಲೇ ಮಕ್ಕಳಿಗೆ ಗೊತ್ತಿರುತ್ತದೆ. ವಿದ್ಯಾವಿಹಾರದ ಮಗುವಿನ ಮಟ್ಟಿಗೆ ಫಾಸ್ಟ್ ಎಂದರೆ ತನ್ನ ಸ್ಟೇಷನ್ನಿನಲ್ಲಿ ನಿಲ್ಲದ ಗಾಡಿ. ಆ ತಿಳಿವಳಿಕೆಯನ್ನು ಅಳಿಸಬೇಕಾಗಿಲ್ಲ. ಎಲ್ಲ ಕಡೆ ನಿಲ್ಲುವುದಿಲ್ಲವಾದ್ದರಿಂದ ಬೇಗ ಮುಟ್ಟುತ್ತದೆ ಎಂದು ಒಂದು ಮಾತು ಸೇರಿಸಿದರೆ ಅರ್ಥ ಹಿಗ್ಗುತ್ತದೆ. ಏಕಾದಶಿಯ ದಿನ ಅಜ್ಜಿ ಮಾಡುವುದೂ ‘ಫಾಸ್ಟ್’ ಎಂದು ಇನ್ನೊಂದು ದಿನ ಹೇಳಿಕೊಡಬಹುದು. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ಮಾತ್ರ ಕಲಸುಮೇಲೋಗರವಾದೀತು.

ಈ ನಗರದ ಕನ್ನಡ ಮನೆಗಳ ಮಕ್ಕಳಿಗೆ ಭಾಷೆಗಳೇನೂ ಕಡಿಮೆಯಿಲ್ಲ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಕೆಳಗೆ ಆಟಕ್ಕೆ ಇಳಿದರೆ ಹಿಂದಿ, ಜೊತೆಗೆ ಮರಾಠಿ. ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡವೂ ಸೇರಿ ಎಂಟು ಮಾಧ್ಯಮಗಳಿವೆ. ಮಹಾರಾಷ್ಟ್ರದಲ್ಲಿ 2000ದಿಂದ ಎಲ್ಲ ಮಾಧ್ಯಮದ ಮಕ್ಕಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಪಾಠ ಬಂತು. ಹಿಂದೆ ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡದ ರಾತ್ರಿಶಾಲೆಗಳಿಗೆ ಓಡುತ್ತಿದ್ದ ಹುಡುಗರೂ ಇಂಗ್ಲಿಷನ್ನು ಕಲಿತದ್ದು ಹಲವು ಭಾಷೆಗಳ ನಡುವೆಯೇ. ‘ಬಿಲ್’, ‘ಆರ್ಡರ್’, ‘ಪಾರ್ಸೆಲ್’ ಅವರಿಗೆ ಗಿರಾಕಿಗಳ ಬಾಯಿಂದಲೇ ಕಿವಿಗೆ ಬಿದ್ದ ಪದಗಳು.

ಪದದ ಅರ್ಥವನ್ನು ಹೇಗೆ ಹೇಳಬೇಕು ಎಂದು ತಲೆಕೆಡಿಸಿಕೊಂಡವರಲ್ಲಿ ಮೈಕೆಲ್ ವೆಸ್ಟ್ ಒಬ್ಬರು. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಅವರು ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಹತ್ತಿರದಿಂದ ಕಂಡಿದ್ದರು. ಜೆ. ಜಿ. ಎಂಡಿಕಾಟ್ ಜೊತೆಗೂಡಿ 1935ರಲ್ಲಿ ಅವರು ಹೊರತಂದ ನಿಘಂಟಿನಲ್ಲಿ ಸುಮಾರು 24,000 ನಮೂದುಗಳಿಗೆ ಅರ್ಥ ಹೇಳಲು ಬಳಸಿದ್ದು ಕೇವಲ 1,490 ಪದಗಳನ್ನು. ಕಠಿಣ ಪದಕ್ಕೆ ಇನ್ನೊಂದು ಕಠಿಣ ಪದವನ್ನೇ ಅರ್ಥವೆಂದು ಕೊಡುವ ಚಾಳಿಗೆ ಅದು ಕಡಿವಾಣ ಹಾಕಿತು. 1987ರಲ್ಲಿ ಬಂದ ಕೊಬಿಲ್ಡ್ ನಿಘಂಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟೀಚರ್ ಎದುರು ಕೂತು ಹೇಳುವಂತೆ ಪೂರ್ತಿ ವಾಕ್ಯಗಳಲ್ಲೇ ಅರ್ಥ ವಿವರಿಸಿತು.

ಮನೆಯಲ್ಲೂ ಇದನ್ನು ಮಾಡಬಹುದು. ‘ಬಾರೋ’ ಮತ್ತು ‘ಲೆಂಡ್’ ಎರಡಕ್ಕೂ ‘ಸಾಲ’ ಎಂದುಬಿಟ್ಟರೆ ಮಗು ಜೀವಮಾನವಿಡೀ ಅವನ್ನು ಅದಲುಬದಲು ಮಾಡೀತು. ಅದರ ಬದಲು ಅಣ್ಣತಂಗಿಯರ ನಡುವೆ ಒಂದು ರಬ್ಬರ್ ಇಡಿ. ‘ಅಣ್ಣಾ, ನಿನ್ನ ರಬ್ಬರ್ ಕೊಡ್ತೀಯಾ? ಅಳಿಸಿ ವಾಪಸ್ ಕೊಡ್ತೇನೆ’ ಎಂದು ತಂಗಿ ಪಡೆದುಕೊಂಡರೆ ಅದು ಬಾರೋ. ಅಣ್ಣ ಕೊಟ್ಟನಲ್ಲ, ಅದು ಲೆಂಡ್. ಆಮೇಲೆ ಪೆನ್ಸಿಲ್ ತಂಗಿಯದಾಗಲಿ, ಕೇಳುವ ಸರದಿ ಅಣ್ಣನದಾಗಲಿ. ವಾಪಸ್ ಕೊಡದಿದ್ದರೆ ಎರಡೂ ಪದ ಹೊಂದುವುದಿಲ್ಲ ಎಂದು ಮಕ್ಕಳೇ ಜಗಳವಾಡಿ ತೀರ್ಮಾನಿಸುತ್ತಾರೆ.

ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಬೇಕು, ಮನೆಮಾತು ನಡುವೆ ಬಂದರೆ ಮಗು ಹಿಂದೆ ಬೀಳುತ್ತದೆ ಎಂಬ ಅಂಜಿಕೆ ಅನೇಕ ಪಾಲಕರಲ್ಲಿದೆ. ಆ ಅಂಜಿಕೆ ಬೇಡ. ಮುಂಬಯಿಯ ಜುಲೈ ತಿಂಗಳಲ್ಲಿ ಕಿಟಕಿಯ ಬಳಿ ನಿಂತು ತುಂತುರು, ಸೋನೆ, ಜಡಿಮಳೆ ಎಂದು ಗುರುತಿಸಬಲ್ಲ ಮಗುವಿಗೆ ‘ಡ್ರಿಜಲ್’ ಹೇಳಿಕೊಡಲು ಪುಸ್ತಕವೇ ಬೇಡ. ಮಳೆಯಲ್ಲಿ ಬಗೆಬಗೆಗಳಿವೆ ಎಂಬ ತಿಳಿವು ಆಗಲೇ ಅದಕ್ಕಿದೆ, ಕಲಿಯಬೇಕಾದದ್ದು ಹೆಸರೊಂದನ್ನೇ. ಕಲಿತದ್ದು ನಿಂತಿದೆಯೇ ಎಂದು ನೋಡಲು ಅರ್ಥ ಒಪ್ಪಿಸು ಎನ್ನುವುದಕ್ಕಿಂತ, ಇವತ್ತು ಶಾಲೆಯಲ್ಲಿ ನಡೆದದ್ದನ್ನು ಆ ಪದ ಸೇರಿಸಿ ಹೇಳು ಎನ್ನುವುದು ಮೇಲು. ವಾಕ್ಯ ಸೊಟ್ಟಗಿದ್ದರೂ ಪೂರ್ತಿ ಕೇಳಿಸಿಕೊಂಡು, ನಂತರ ಅದೇ ಪದವಿಟ್ಟು ಸರಿಯಾದ ವಾಕ್ಯದಲ್ಲಿ ಮರುಪ್ರಶ್ನೆ ಹಾಕಿದರೆ ಮಗು ಬೇಸರಪಡದೆ ತಿದ್ದಿಕೊಳ್ಳುತ್ತದೆ.