ಮೋಟಾರು ಮನೆಯಲ್ಲಿ ಲಿಥಿಯಂ ಬ್ಯಾಟರಿ

ಐರೋಪ್ಯ ದೇಶಗಳ ಮೋಟಾರು ಮನೆಗಳಲ್ಲಿ ಎಂಜಿನನ್ನು ಚಾಲನೆಗೊಳಿಸಲು ಒಂದು ಬ್ಯಾಟರಿಯೂ, ದೀಪ, ನೀರಿನ ಪಂಪುಗಳಿಗಾಗಿ ಇನ್ನೊಂದೂ ಇರುವುದು ವಾಡಿಕೆ. ಈ ಎರಡನೆಯದು 100 ಆಂಪಿಯರ್-ಗಂಟೆಯ ಸೀಸ-ಆಮ್ಲದ್ದಾದರೆ, ಆಯುಷ್ಯ ಕುಂದದಂತೆ ಸುಮಾರು ಅರ್ಧವನ್ನಷ್ಟೇ ಬಳಸಬಹುದು. ಅಷ್ಟೇ ಧಾರಣೆಯ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಿಂದ 80 ಆಂಪಿಯರ್-ಗಂಟೆಯಾದರೂ ದೊರೆಯುತ್ತದೆ. ಆದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಲದು. ಲಿಥಿಯಂ ಕೋಶದ ಆಂತರಿಕ ರೋಧವು ಅತ್ಯಲ್ಪವಾದುದರಿಂದ, ಅದು ಎಂಜಿನಿನ ಆಲ್ಟರ್ನೇಟರಿನಿಂದ ಅಧಿಕ ಪ್ರವಾಹವನ್ನು ಸೆಳೆದು ಆ ಯಂತ್ರವನ್ನು ಅತಿಯಾಗಿ ಕಾಯಿಸಬಲ್ಲುದು. ಆದುದರಿಂದ ಇವೆರಡರ ನಡುವೆ ಪ್ರವಾಹವನ್ನು ಮಿತಗೊಳಿಸುವ ಡಿಸಿ-ಡಿಸಿ ಚಾರ್ಜರನ್ನು ಜೋಡಿಸುವುದು ಅವಶ್ಯ. ಮೇಲಾಗಿ, 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜು ಮಾಡಿದರೆ ಋಣಧ್ರುವದ ಮೇಲೆ ಲಿಥಿಯಂ ಲೋಹದ ಲೇಪ ಕಟ್ಟಿ ಕೋಶವು ಶಾಶ್ವತವಾಗಿ ಕೆಡಬಹುದು. ಚಳಿಗಾಲದಲ್ಲಿ ಸಂಚರಿಸುವವರು ಬ್ಯಾಟರಿಯನ್ನು ವಾಹನದ ಬೆಚ್ಚನೆಯ ಒಳಭಾಗದಲ್ಲಿಡುವುದು ಲೇಸು.