ನಾವು ಕಟ್ಟುವ ತೆರಿಗೆ ಎಲ್ಲಿಗೆ ಹೋಗುತ್ತೆ?

ಹೋದ ಬೇಸಿಗೆಯಲ್ಲಿ ನಮ್ಮೂರ ಕುಡಿಯುವ ನೀರಿನ ಬೋರಿನ ಮೋಟರು ಸುಟ್ಟಿತು. ಹನ್ನೊಂದು ದಿನ ನಲ್ಲಿಯಲ್ಲಿ ನೀರಿಲ್ಲ. ಹೆಂಡತಿ, ಸೊಸೆ ಹೊಲದ ಬೋರಿನಿಂದ ಕೊಡ ಹೊತ್ತರು. ಸಿಟ್ಟಿನಿಂದ ಪಂಚಾಯ್ತಿ ಕಚೇರಿಗೆ ಹೋದೆ. ಬಿಲ್ ಕಲೆಕ್ಟರ್ ಪುಸ್ತಕ ತೆಗೆದು, "ಮೋಟರು ಕಟ್ಟಿಸಾಕೆ ರೊಕ್ಕ ಇಲ್ಲಣ್ಣ. ನಿಮ್ಮ ಮನೆ ಕಂದಾಯನೇ ನಾಲ್ಕು ವರ್ಷದ್ದು ಬಾಕಿ ಐತಿ" ಅಂದ. ನನ್ನ ಬಾಯಿ ಕಟ್ಟಿತು.

ನಾನು ಜಗಳೂರು ತಾಲ್ಲೂಕಿನ ಮಳೆ ನಂಬಿದ ರೈತ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆರು ಎಕರೆಯಲ್ಲಿ ಮೆಕ್ಕೆಜೋಳ, ಶೇಂಗಾ ಬೆಳೆಯುತ್ತೇನೆ. 'ರೈತರಿಗೇನು, ತೆರಿಗೆಯೇ ಇಲ್ಲ' ಅಂತ ಪೇಟೆಯವರು ಹೇಳುವುದುಂಟು. ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ನಿಜ. ಆದರೂ ಆ ರಾತ್ರಿ ರಸೀತಿಗಳನ್ನೆಲ್ಲ ಹರಡಿಕೊಂಡು ಲೆಕ್ಕಕ್ಕೆ ಕೂತೆ.

1350 ರೂಪಾಯಿಯ ಡಿಎಪಿ ಚೀಲದಲ್ಲಿ ಜಿಎಸ್‌ಟಿ ನೂರಕ್ಕೆ 5, ಅಂದರೆ ಸುಮಾರು 64 ರೂಪಾಯಿ. ಹತ್ತು ಚೀಲಕ್ಕೆ 640. ಕೀಟನಾಶಕಕ್ಕೆ ನೂರಕ್ಕೆ 18. ಟ್ರ್ಯಾಕ್ಟರ್ ಬಾಡಿಗೆಯ ಒಳಗೇ ಡೀಸೆಲ್ ಮೇಲಿನ ಕೇಂದ್ರದ ಸುಂಕ, ರಾಜ್ಯದ ಮಾರಾಟ ತೆರಿಗೆ ಕೂತಿರುತ್ತೆ. ಬೆಳೆ ಹೋದ ವರ್ಷವೂ ಇವನ್ನು ಕೊಟ್ಟಿದ್ದೇನೆ. ಇವೆಲ್ಲ ಬೆಂಗಳೂರು, ದಿಲ್ಲಿಗೆ ಹೋಗುವ ಹಣ. ಅಲ್ಲಿಂದ ಅನುದಾನವಾಗಿ ಬಂದರೆ ಬಂತು. ನೇರವಾಗಿ ನಮ್ಮ ಪಂಚಾಯ್ತಿಯಲ್ಲೇ ಉಳಿಯುವುದು ಮನೆ ಕಂದಾಯ, ನೀರಿನ ಕರ. ನಾನು ಬಾಕಿ ಇಟ್ಟದ್ದು ಅದನ್ನೇ!

ಪೇಟೆ ಬೆಳೆದರೆ ನಮಗೂ ಒಳ್ಳೆಯದಾಗುತ್ತೆ ಅಂತ ಬಹಳ ಜನ ನಂಬಿದ್ದೆವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಇದಕ್ಕೆ ಸೇರಿದವು. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೇ ಸೇರಿತು. ನಮಗೆ ಲಾಭವಾಗಿಲ್ಲ ಅನ್ನಲಾರೆ. ಮಗಳು ಅಲ್ಲಿ ಓದಿದಳು, ಜೋಳ ಅಲ್ಲಿ ಮಾರುತ್ತೇನೆ, ಕಾಯಿಲೆಗೆ ಅಲ್ಲಿಗೇ ಓಡುತ್ತೇವೆ. ಆದರೆ ಹತ್ತಿ ಗಿರಣಿಗಳಿಂದ ಹೆಸರಾದ ಅದೇ ಊರಲ್ಲಿ ಗಿರಣಿಗಳು ಮುಚ್ಚಿದ್ದನ್ನೂ ಕಂಡಿದ್ದೇವೆ. ಇನ್ನೊಂದು ಮಾತು: ಪಾಲಿಕೆಗೆ ತೆರಿಗೆ ಹಾಕಲು ಅಂಗಡಿ, ಕಲ್ಯಾಣ ಮಂಟಪ, ಬಡಾವಣೆ ಇವೆ. ನಮ್ಮ ಪಂಚಾಯ್ತಿಗೆ ಇರುವುದು ನಮ್ಮ ಹಂಚಿನ ಮನೆಗಳು. ಪೇಟೆಯ ಸಮೃದ್ಧಿ ತಾನಾಗಿ ಹಳ್ಳಿಗೆ ಹರಿಯುವುದಿಲ್ಲ.

ನೀರು ಮಾತ್ರ ಹಳ್ಳಿ ಕಡೆಯಿಂದ ಪೇಟೆಗೆ ಹರಿಯುತ್ತೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೀರು ಚಿತ್ರದುರ್ಗದ ನಲ್ಲಿಗೆ ಹೋಗುತ್ತೆ.

ಮೇಲೆ ಹೋದ ಹಣ ಬರುವುದೇ ಇಲ್ಲ ಅಂದರೂ ತಪ್ಪಾಗುತ್ತೆ. ನಮ್ಮ ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಎತ್ತುವ ಯೋಜನೆ ಯಾವ ಪಂಚಾಯ್ತಿಯ ಕೈಲೂ ಆಗುತ್ತಿರಲಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ಅಲ್ಲಿರುವ ನನ್ನ ಅಕ್ಕ, "ತಾಲ್ಲೂಕು ಕಚೇರಿ ಕೆಲಸಕ್ಕೆ ಹೊನ್ನಾಳಿಗೆ ಓಡಾಡಾದು ತಪ್ಪಿತು ತಮ್ಮಾ" ಅನ್ನುತ್ತಾಳೆ. ಅದೂ ತೆರಿಗೆ ಹಣವೇ. 15ನೇ ಹಣಕಾಸು ಆಯೋಗ 2021-26ಕ್ಕೆ ಪಂಚಾಯ್ತಿಗಳಿಗೆ ಹೇಳಿದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ದೊಡ್ಡ ಕೆಲಸಕ್ಕೆ ಮೇಲಿನ ಹಣ ಬೇಕು. ಸುಟ್ಟ ಮೋಟರು ಮಾತ್ರ ಅನುದಾನ ಬರುವ ತನಕ ಕಾಯುವುದಿಲ್ಲ.

ಮಾರನೇ ದಿನ ಎರಡು ಕುರಿ ಮಾರಿ ಬಾಕಿ ಕಟ್ಟಿದೆ. ಮುಂದಿನ ಗ್ರಾಮಸಭೆಯಲ್ಲಿ ರಸೀತಿ ಹಿಡಿದು ಎದ್ದು ನಿಂತೆ. "ಎಷ್ಟು ವಸೂಲಾಯ್ತು? ಎಷ್ಟು ಬಾಕಿ? ನೀರಿಗೆ ಎಷ್ಟು ಖರ್ಚು? ಅನುದಾನ ಎಷ್ಟು ಬಂತು? ಓದಿ ಹೇಳ್ರಿ" ಅಂದೆ. ಓದಿದರು. ಅರ್ಧ ಊರು ನನ್ನ ಹಾಗೇ ಬಾಕಿ. ನೀರುಗಂಟಿಗೆ ಮೂರು ತಿಂಗಳಿಂದ ಪೂರ್ತಿ ಸಂಬಳ ಇಲ್ಲ. ಅವನು ನಮ್ಮ ಓಣಿಯ ಹುಡುಗ. ಅನುದಾನದ ಲೆಕ್ಕದಲ್ಲೂ ನಮಗೆ ಒಪ್ಪಿಗೆಯಾಗದ ಎರಡು ಬಾಬು ಕಂಡವು. ಬರಹದಲ್ಲಿ ಉತ್ತರ ಕೇಳಿದ್ದೇವೆ, ಇನ್ನೂ ಬಂದಿಲ್ಲ. ಬಿಡುವುದಿಲ್ಲ.

ಕಂದಾಯ ಕಟ್ಟಿದ ಮಾತ್ರಕ್ಕೆ ಊರು ಉದ್ಧಾರವಾಗಲಿಲ್ಲ. ಆದರೆ ಕೇಳುವಾಗ ನನ್ನ ದನಿ ನಡುಗಲಿಲ್ಲ. ನೀವೂ ಒಂದು ರಾತ್ರಿ ರಸೀತಿ ಹರಡಿಕೊಂಡು ಕೂರಿ. ಆಮೇಲೆ ಗ್ರಾಮಸಭೆಗೆ ಹೋಗಿ. ಅಲ್ಲಿ ಏನಾಯಿತು ಅಂತ ಈ ಪತ್ರಿಕೆಗೆ ಬರೆಯಿರಿ.